ಮೈಕ್ರೋವೇವ್ ಲ್ಯಾಬಿನಲ್ಲಿ ಕಣ್ಣು ಕಾಪಾಡುವುದು ಹೇಗೆ? ಗಾಗಲ್ಸ್ ಪ್ರಶ್ನೆ ಕೊನೆಗಿರಲಿ

ಮೈಕ್ರೋವೇವ್ ಬೆಂಚಿನ ಮುಂದೆ ಮೊದಲ ಸಲ ನಿಂತ ವಿದ್ಯಾರ್ಥಿಗೆ ಒಂದು ಎಚ್ಚರಿಕೆ ಕಟ್ಟಿಟ್ಟ ಬುತ್ತಿ: ಪವರ್ ಆನ್ ಇರುವಾಗ ವೇವ್‌ಗೈಡ್ (ಅಲೆ ಒಯ್ಯುವ ಲೋಹದ ಕೊಳವೆ) ಬಾಯಿಗೆ ಕಣ್ಣಿಟ್ಟು ನೋಡಬೇಡಿ. ಯಾಕೆ ಅಂತ ಮಾತ್ರ ಬಹಳ ಸಲ ಯಾರೂ ಹೇಳುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಒಂದು ಸಾಲು ಇರುತ್ತದೆ, ಓದಿ ಮುಂದೆ ಹೋಗುತ್ತಾರೆ.

ಆಮೇಲೆ ಅದೇ ವಿದ್ಯಾರ್ಥಿ ರೇಡಾರ್ ಪರೀಕ್ಷೆ ಮಾಡುವ ಲ್ಯಾಬಿಗೋ, ಪ್ಲಾಸ್ಮಾ ಲ್ಯಾಬಿಗೋ, ಆಕ್ಸಿಲರೇಟರ್ ಇರುವ ಸಂಸ್ಥೆಗೋ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ಮಿಲಿವ್ಯಾಟ್ ಇದ್ದ ಜಾಗದಲ್ಲಿ ಕಿಲೋವ್ಯಾಟ್ ಇರುತ್ತದೆ. ಆಗ ಥಟ್ಟನೆ ಬಾಯಿಗೆ ಬರುವ ಪ್ರಶ್ನೆ: "ಕಣ್ಣಿಗೆ ಯಾವ ಗಾಗಲ್ಸ್ ಹಾಕಿಕೊಳ್ಳಬೇಕು?" ಲೇಸರ್ ಲ್ಯಾಬಿನಲ್ಲಿ ಕೆಲಸ ಮಾಡಿ ಬಂದವರಿಗಂತೂ ಇದು ತೀರಾ ಸಹಜ. ಅಲ್ಲಿ ಗಾಗಲ್ಸ್ ಇಲ್ಲದೆ ಒಳಗೇ ಬಿಡುವುದಿಲ್ಲ.

ಮೈಕ್ರೋವೇವ್ ವಿಷಯದಲ್ಲಿ ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು. ಯಾಕೆ ಅಂತ ತಿಳಿಯಬೇಕಾದರೆ ಅಲೆ ಏನು ಮಾಡುತ್ತದೆ, ಕಣ್ಣು ಅದನ್ನು ಯಾಕೆ ತಡೆದುಕೊಳ್ಳುವುದಿಲ್ಲ, ಎಷ್ಟು ಅಂದರೆ ಜಾಸ್ತಿ, ಇವಿಷ್ಟು ಗೊತ್ತಿರಬೇಕು.

## ಮೈಕ್ರೋವೇವ್ ಅಂದರೆ ಯಾವ ಬಗೆಯ ವಿಕಿರಣ?

ರೇಡಿಯೋ ಅಲೆ, ಬೆಳಕು, ಎಕ್ಸ್-ರೇ ಎಲ್ಲ ಒಂದೇ ಕುಟುಂಬದವು. ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳೇ. ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಆ ಲೆಕ್ಕಕ್ಕೆ ಆವರ್ತನ ಅನ್ನುತ್ತಾರೆ. 300 ಮೆಗಾಹರ್ಟ್ಸ್‌ನಿಂದ 300 ಗಿಗಾಹರ್ಟ್ಸ್‌ವರೆಗಿನ ಪಟ್ಟಿಗೆ ಮೈಕ್ರೋವೇವ್ ಅಂತ ಹೆಸರು. ಅಲೆಯ ಉದ್ದದಲ್ಲಿ ಹೇಳುವುದಾದರೆ 1 ಮೀಟರ್‌ನಿಂದ 1 ಮಿಲಿಮೀಟರ್‌ವರೆಗೆ. ಅಡುಗೆಮನೆಯ ಓವನ್ ನಡೆಯುವುದು 2.45 ಗಿಗಾಹರ್ಟ್ಸ್‌ನಲ್ಲಿ, ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್.

'ವಿಕಿರಣ' ಅಂದ ಕೂಡಲೇ ಅಣುಸ್ಥಾವರ, ಕ್ಯಾನ್ಸರ್ ಎಲ್ಲ ತಲೆಗೆ ಬರುತ್ತದೆ. ಇಲ್ಲಿ ಒಂದು ಗೆರೆ ಎಳೆಯಬೇಕು. ಎಕ್ಸ್-ರೇ, ಗಾಮಾ ಕಿರಣಗಳಿಗೆ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವಷ್ಟು ಶಕ್ತಿ ಇರುತ್ತದೆ. ಅದಕ್ಕೆ ಒಂದೊಂದು ಫೋಟಾನಿಗೆ, ಅಂದರೆ ವಿಕಿರಣದ ಒಂದೊಂದು ಶಕ್ತಿಕಣಕ್ಕೆ, ಸುಮಾರು 10 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಮಾನ) ಬೇಕು. 2.45 ಗಿಗಾಹರ್ಟ್ಸ್ ಫೋಟಾನಿನಲ್ಲಿ ಇರುವುದು ಒಂದು ಎಲೆಕ್ಟ್ರಾನ್ ವೋಲ್ಟ್‌ನ ಲಕ್ಷದಲ್ಲಿ ಒಂದು ಪಾಲು. ಅಂದರೆ ಬೇಕಾದ್ದಕ್ಕಿಂತ ಹತ್ತು ಲಕ್ಷ ಪಟ್ಟು ಕಡಿಮೆ. ಪವರ್ ಎಷ್ಟೇ ಏರಿಸಿದರೂ ಫೋಟಾನುಗಳ ಸಂಖ್ಯೆ ಜಾಸ್ತಿಯಾಗುತ್ತದೆ, ಒಂದೊಂದರ ಶಕ್ತಿ ಅಷ್ಟೇ ಇರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೆ ಕೋಣೆಯಲ್ಲಾಗಲಿ ಮೈಯಲ್ಲಾಗಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ತೊಂದರೆ ಏನು? ಬಿಸಿ. ನೀರಿನ ಅಣುವಿಗೆ ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಮೈನಸ್ ಇರುತ್ತದೆ. ಅಲೆಯ ವಿದ್ಯುತ್ ಕ್ಷೇತ್ರ ಯಾವ ಕಡೆ ತಿರುಗುತ್ತದೋ ಆ ಕಡೆ ಅದೂ ತಿರುಗಲು ನೋಡುತ್ತದೆ. 2.45 ಗಿಗಾಹರ್ಟ್ಸ್‌ನಲ್ಲಿ ಇದು ಸೆಕೆಂಡಿಗೆ 245 ಕೋಟಿ ಸಲ. ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತಾ ಆ ಶಕ್ತಿಯೆಲ್ಲ ಶಾಖವಾಗುತ್ತದೆ. ನಮ್ಮ ದೇಹದಲ್ಲಿ ನೀರೇ ಜಾಸ್ತಿ ಅಲ್ವಾ? ಕಣ್ಣಿನಲ್ಲಂತೂ ಇನ್ನೂ ಜಾಸ್ತಿ.

## ಕಣ್ಣಿಗೇ ಯಾಕೆ ಈ ಪೆಟ್ಟು?

ತೋಳಿನ ಮೇಲೆ ಸ್ವಲ್ಪ ಬಿಸಿ ಬಿದ್ದರೆ ಅಲ್ಲಿನ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಆ ಶಾಖವನ್ನು ಹೊತ್ತುಕೊಂಡು ಹೋಗಿ ಇಡೀ ಮೈಗೆ ಹಂಚುತ್ತದೆ. ಶಾಖ ಮಿತಿ ಮೀರಿದರೆ ಚರ್ಮದ ನರಗಳು ಉರಿ ಅಂತ ಹೇಳುತ್ತವೆ, ಕೈ ತಾನಾಗಿಯೇ ಹಿಂದೆ ಸರಿಯುತ್ತದೆ.

ಕಣ್ಣಿನ ಮಸೂರಕ್ಕೆ ಈ ಎರಡೂ ಇಲ್ಲ. ಪಾಪೆಯ ಹಿಂದೆ ಕೂತಿರುವ, ಮಧ್ಯದಲ್ಲಿ ಸುಮಾರು 4 ಮಿಲಿಮೀಟರ್ ದಪ್ಪದ ಈ ಪಾರದರ್ಶಕ ಬಿಲ್ಲೆಯಲ್ಲಿ ಒಂದೇ ಒಂದು ರಕ್ತನಾಳ ಇಲ್ಲ. ಇದ್ದಿದ್ದರೆ ನೋಟಕ್ಕೆ ಅಡ್ಡ ಬರುತ್ತಿತ್ತು. ನೋವು ತಿಳಿಸುವ ನರವೂ ಇಲ್ಲ. ಸುತ್ತಲಿನ ದ್ರವಕ್ಕೆ ನಿಧಾನವಾಗಿ ಶಾಖ ಬಿಟ್ಟುಕೊಡುವುದು ಬಿಟ್ಟರೆ ತಣ್ಣಗಾಗಲು ಅದಕ್ಕೆ ಬೇರೆ ದಾರಿ ಇಲ್ಲ.

ಇನ್ನೊಂದು ಕೊರತೆಯೂ ಇದೆ. ಮಸೂರದ ಬಹುಪಾಲು ಜೀವಕೋಶಗಳು ಬೆಳೆಯುವಾಗಲೇ ತಮ್ಮ ನ್ಯೂಕ್ಲಿಯಸ್ ಕಳೆದುಕೊಂಡಿರುತ್ತವೆ. ಅವುಗಳೊಳಗೆ ತುಂಬಿರುವ ಕ್ರಿಸ್ಟಲಿನ್ ಅನ್ನುವ ಪ್ರೋಟೀನು ಒಂದು ಸಲ ಕೆಟ್ಟರೆ ಹೊಸದು ಮಾಡಿ ಹಾಕುವ ವ್ಯವಸ್ಥೆ ಅಲ್ಲಿಲ್ಲ. ಹುಟ್ಟುವ ಮೊದಲು ತಯಾರಾದ ಪ್ರೋಟೀನು ಎಂಬತ್ತರ ವಯಸ್ಸಿನಲ್ಲೂ ಮಸೂರದ ನಡುವೆ ಇರುತ್ತದೆ. ಅವು ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುವುದರಿಂದಲೇ ಮಸೂರ ಪಾರದರ್ಶಕ. ಆ ಜೋಡಣೆ ಕೆಟ್ಟು ಪ್ರೋಟೀನುಗಳು ಗುಂಪುಗುಂಪಾಗಿ ಅಂಟಿಕೊಂಡರೆ ಬೆಳಕು ಚೆದುರುತ್ತದೆ, ಮಸೂರ ಮಸುಕಾಗುತ್ತದೆ. ಕಣ್ಣಿನ ಪೊರೆ ಅನ್ನುವುದು ಇದನ್ನೇ.

ಮೊಟ್ಟೆಯ ಬಿಳಿ ಲೋಳೆ ಕಾವಲಿಯ ಮೇಲೆ ಬಿದ್ದಾಗ ಬೆಳ್ಳಗಾಗುವುದನ್ನು ನೆನೆಸಿಕೊಳ್ಳಿ. ಅದೂ ಪ್ರೋಟೀನೇ, ಮೊದಲು ಪಾರದರ್ಶಕವಾಗಿಯೇ ಇರುತ್ತದೆ, ಬೆಳ್ಳಗಾದ ಮೇಲೆ ಹಿಂದಕ್ಕೆ ಬರುವುದಿಲ್ಲ. ಈ ಹೋಲಿಕೆ ಇಲ್ಲಿಗೇ ನಿಲ್ಲಬೇಕು, ಮುಂದಕ್ಕೆ ಎಳೆದರೆ ದಾರಿ ತಪ್ಪಿಸುತ್ತದೆ. ಮೊಟ್ಟೆ ಗಟ್ಟಿಯಾಗಲು 60 ಡಿಗ್ರಿ ದಾಟಬೇಕು, ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಮಸೂರ ಕೆಡಲು ಅಷ್ಟು ಬೇಡ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ 41 ಡಿಗ್ರಿ ದಾಟಿ ಬಹಳ ಹೊತ್ತು ಇದ್ದಾಗಲೇ ಪೊರೆ ಬಂದಿದೆ. ಅದೂ ಆ ಕ್ಷಣದಲ್ಲಿ ಕಾಣಿಸಿಕೊಂಡಿಲ್ಲ, ಕೆಲವು ದಿನ ಕಳೆದ ಮೇಲೆ. ಇವತ್ತು ಏನೂ ಆಗಲಿಲ್ಲ ಅಂದುಕೊಂಡು ಮನೆಗೆ ಹೋಗುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಪೊರೆ ಶುರುವಾಗುವ ಜಾಗವೂ ಕುತೂಹಲಕರ. ಮೊಲಗಳಲ್ಲಿ ಅದು ಮಸೂರದ ಹಿಂಭಾಗದಲ್ಲಿ, ಹೊದಿಕೆಗೆ ಅಂಟಿಕೊಂಡ ಪದರದಲ್ಲಿ ಕಾಣಿಸಿಕೊಂಡಿತು. ಕಾರಣ ಸರಳ. ಕಣ್ಣಿನ ಮುಂಭಾಗ ಗಾಳಿಗೆ ತೆರೆದಿರುವುದರಿಂದ ಅಲ್ಲಿ ಶಾಖ ಆಚೆ ಹೋಗುತ್ತದೆ. ಹಿಂದೆ ರೆಟಿನಾ ಹತ್ತಿರ ರಕ್ತದ ಹರಿವು ಇದೆ. ಎರಡರ ನಡುವೆ, ಮಸೂರದ ಬೆನ್ನಿನ ಬಳಿ ಶಾಖ ಸಿಕ್ಕಿಕೊಳ್ಳುತ್ತದೆ.

## ಇದೆಲ್ಲ ಗೊತ್ತಾದದ್ದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ರೇಡಾರ್ ಬಂತು, ಅದರ ಜೊತೆಗೇ ಸಾವಿರಾರು ಜನ ಮೈಕ್ರೋವೇವ್ ಹತ್ತಿರ ಕೆಲಸ ಮಾಡುವುದೂ ಶುರುವಾಯಿತು. 1948ರ ಹೊತ್ತಿಗೆ ಅಮೆರಿಕದ ಸಂಶೋಧಕರು ಪ್ರಾಣಿಗಳ ಕಣ್ಣಿಗೆ ಮೈಕ್ರೋವೇವ್ ಹಾಯಿಸಿ ಪೊರೆ ಬರುವುದನ್ನು ತೋರಿಸಿದ್ದರು. 1952ರಲ್ಲಿ ಮೈಕ್ರೋವೇವ್ ಜನರೇಟರ್ ನಡೆಸುತ್ತಿದ್ದ ಒಬ್ಬ ತಂತ್ರಜ್ಞನ ಎರಡೂ ಕಣ್ಣಿನ ಮಸೂರ ಮಸುಕಾದ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನುಷ್ಯರ ಬಗ್ಗೆ ಬಂದ ಮೊದಲ ವರದಿಗಳಲ್ಲಿ ಅದೊಂದು.

ಮುಂದಿನ ಪ್ರಯೋಗಗಳಲ್ಲಿ ಸಂಖ್ಯೆಗಳು ಸಿಕ್ಕವು. 2.45 ಗಿಗಾಹರ್ಟ್ಸ್ ಅಲೆಯನ್ನು ಮೊಲದ ಕಣ್ಣಿನ ತೀರಾ ಹತ್ತಿರದಿಂದ ಬಿಟ್ಟಾಗ, ಚದರ ಸೆಂಟಿಮೀಟರಿಗೆ ಸುಮಾರು 150 ಮಿಲಿವ್ಯಾಟ್, ಅದೂ ಒಂದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಕೊಟ್ಟರೆ ಪೊರೆ ಬರುತ್ತಿತ್ತು. 1975ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟ. ಮೊಲದ ಮೈಯನ್ನೇ ತಂಪು ಮಾಡಿಟ್ಟು ಅಲೆ ಹಾಯಿಸಿದರು. ಅಲೆ ಅದೇ, ಆದರೆ ಕಣ್ಣು ಬಿಸಿಯಾಗಲಿಲ್ಲ, ಪೊರೆಯೂ ಬರಲಿಲ್ಲ. ಕೆಡಿಸುವುದು ಶಾಖವೇ ಅನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಕೋತಿಗಳ ಕಥೆ ಬೇರೆ. ಮೊಲಕ್ಕೆ ಪೊರೆ ತರುವ ಮಟ್ಟದಲ್ಲಿ ಕೋತಿಗಳಿಗೆ ಪೊರೆ ಬರಲಿಲ್ಲ. ಮುಖದ ರಚನೆ, ಕಣ್ಣಿನ ಗುಳಿಯ ಆಕಾರ ಬೇರೆಯಾದರೆ ಶಾಖ ಸೇರುವ ಜಾಗವೂ ಬೇರೆಯಾಗುತ್ತದೆ. ಮನುಷ್ಯನ ಮುಖ ಮೊಲಕ್ಕಿಂತ ಕೋತಿಗೆ ಹತ್ತಿರ. ಹಾಗಾಗಿ ಮೊಲದ ಸಂಖ್ಯೆಯನ್ನು ನೇರವಾಗಿ ನಮಗೆ ಅಂಟಿಸಲು ಬರುವುದಿಲ್ಲ. ಸುರಕ್ಷತೆಯ ಮಿತಿ ಹಾಕುವವರು ಮಾತ್ರ ಜಾಸ್ತಿ ಎಚ್ಚರಿಕೆಯ ಕಡೆಗೇ, ಅಂದರೆ ಮೊಲದ ಕಡೆಗೇ ವಾಲಿದ್ದಾರೆ.

## ಆವರ್ತನ ಬದಲಾದರೆ ಪೆಟ್ಟು ಬೀಳುವ ಜಾಗವೂ ಬದಲು

ಎಲ್ಲ ಮೈಕ್ರೋವೇವೂ ಕಣ್ಣಿನಲ್ಲಿ ಒಂದೇ ಆಳಕ್ಕೆ ಇಳಿಯುವುದಿಲ್ಲ. ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಮುಂದಿನ ಗಾಜಿನಂಥ ಕಾರ್ನಿಯಾದ ದಪ್ಪ ಅರ್ಧ ಮಿಲಿಮೀಟರ್. ಅಲ್ಲಿಂದ ಮಸೂರದ ಬೆನ್ನಿಗೆ ಏಳೆಂಟು ಮಿಲಿಮೀಟರ್ ದೂರ.

2.45 ಗಿಗಾಹರ್ಟ್ಸ್ ಅಲೆ ನೀರು ತುಂಬಿದ ಅಂಗಾಂಶದಲ್ಲಿ ಒಂದೂವರೆ, ಎರಡು ಸೆಂಟಿಮೀಟರ್ ಇಳಿಯುತ್ತದೆ. ಅಂದರೆ ಮಸೂರವನ್ನು ದಾಟಿ ಹೋಗುತ್ತದೆ. 10 ಗಿಗಾಹರ್ಟ್ಸ್ ಹತ್ತಿರ ಈ ಆಳ ಮೂರ್ನಾಲ್ಕು ಮಿಲಿಮೀಟರಿಗೆ ಇಳಿಯುತ್ತದೆ. 35 ಗಿಗಾಹರ್ಟ್ಸ್ ದಾಟಿದರೆ ಒಂದು ಮಿಲಿಮೀಟರಿಗಿಂತ ಕಡಿಮೆ, ಬಿಸಿಯೆಲ್ಲ ಕಾರ್ನಿಯಾದಲ್ಲೇ.

ಕಾರ್ನಿಯಾಕ್ಕೂ ರಕ್ತನಾಳ ಇಲ್ಲ. ಆದರೆ ದೇಹದಲ್ಲೇ ಅತಿ ಜಾಸ್ತಿ ನೋವಿನ ನರಗಳಿರುವ ಜಾಗಗಳಲ್ಲಿ ಅದೂ ಒಂದು. ಒಂದು ಸಣ್ಣ ಧೂಳಿನ ಕಣ ಬಿದ್ದರೂ ಕಣ್ಣು ಎಷ್ಟು ಒದ್ದಾಡುತ್ತದೆ ಗೊತ್ತಲ್ಲ. ಹಾಗಾಗಿ ಮಿಲಿಮೀಟರ್ ಅಲೆಗಳು ಜಾಸ್ತಿಯಾದರೆ ಕಣ್ಣು ಉರಿಯುತ್ತದೆ, ರೆಪ್ಪೆ ಮುಚ್ಚುತ್ತದೆ, ಮುಖ ತಾನಾಗಿಯೇ ಆಚೆ ಸರಿಯುತ್ತದೆ. ಕಡಿಮೆ ಆವರ್ತನದ ಅಲೆ ಇನ್ನೂ ಒಳಗೆ, ಏನೂ ಹೇಳಿಕೊಳ್ಳಲಾರದ ಮಸೂರಕ್ಕೆ ಹೋಗಿ ಮುಟ್ಟುತ್ತದೆ. ನೋವಾಗದ ಪೆಟ್ಟು ಅಲ್ಲಿಯದು.

## ಎಷ್ಟು ಅಂದರೆ ಜಾಸ್ತಿ?

ಅಳತೆಯ ಮಾನ ಮಿಲಿವ್ಯಾಟ್ ಪ್ರತಿ ಚದರ ಸೆಂಟಿಮೀಟರ್. ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಶಕ್ತಿ ಬೀಳುತ್ತಿದೆ ಅಂತ ಇದು ಹೇಳುತ್ತದೆ. ಈ ಲೇಖನದಲ್ಲಿ ಮುಂದೆ ಇದನ್ನು ಬರೀ 'ಸಾಂದ್ರತೆ' ಅನ್ನೋಣ, ಮಾನ ಹೇಳದೆ ಬರುವ ಮಿತಿಯ ಸಂಖ್ಯೆಗಳೆಲ್ಲ ಇದೇ ಮಾನದವು.

1953ರಲ್ಲಿ ಹರ್ಮನ್ ಶ್ವಾನ್ ಎಂಬ ವಿಜ್ಞಾನಿ, ದೇಹ ಎಷ್ಟು ಶಾಖ ಹೊರಹಾಕಬಲ್ಲದು ಅಂತ ಲೆಕ್ಕ ಹಾಕಿ, ಮಿತಿ 10 ಇರಲಿ ಅಂತ ಸೂಚಿಸಿದರು. 1966ರ ಅಮೆರಿಕದ ಮಾನದಂಡದಲ್ಲೂ ಅದೇ ಸಂಖ್ಯೆ ಬಂತು. ಈಗ ಜಗತ್ತಿನ ಬಹಳಷ್ಟು ಕಡೆ ನೋಡುವುದು ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗದ ಮಾರ್ಗಸೂಚಿ. ಅದರ 2020ರ ಆವೃತ್ತಿಯ ಪ್ರಕಾರ 2 ಗಿಗಾಹರ್ಟ್ಸ್ ಮೇಲೆ, ಇಡೀ ಮೈಗೆ ಬೀಳುವ ಅಲೆಗೆ, ತರಬೇತಿ ಇರುವ ಕೆಲಸಗಾರರಿಗೆ 5, ಸಾರ್ವಜನಿಕರಿಗೆ 1. ಇದು 30 ನಿಮಿಷದ ಸರಾಸರಿ. ಮೈಯ ಸಣ್ಣ ಭಾಗಕ್ಕೆ ಮಾತ್ರ ಬಿದ್ದರೆ ಮಿತಿ ಸ್ವಲ್ಪ ಸಡಿಲ. 10 ಗಿಗಾಹರ್ಟ್ಸ್ ಹತ್ತಿರ ಕೆಲಸಗಾರರಿಗೆ ಸುಮಾರು 18, ಸಾರ್ವಜನಿಕರಿಗೆ ಸುಮಾರು 3.7. ಇದು 4 ಚದರ ಸೆಂಟಿಮೀಟರ್ ಜಾಗದ, 6 ನಿಮಿಷದ ಸರಾಸರಿ.

6 ಗಿಗಾಹರ್ಟ್ಸ್‌ಗಿಂತ ಕೆಳಗೆ ಇನ್ನೊಂದು ಅಳತೆಯೂ ಬರುತ್ತದೆ: ಒಂದು ಕಿಲೋ ಅಂಗಾಂಶ ಎಷ್ಟು ವ್ಯಾಟ್ ಹೀರಿಕೊಳ್ಳುತ್ತದೆ ಅನ್ನುವುದು. ತಲೆಯ ಭಾಗಕ್ಕೆ ಕೆಲಸಗಾರರ ಮಿತಿ 10 ವ್ಯಾಟ್. ಮೊಲಗಳಿಗೆ ಪೊರೆ ಬಂದದ್ದು 100ರಿಂದ 140 ವ್ಯಾಟ್ ಹೀರಿಕೊಂಡಾಗ. ನಡುವಿನ ಅಂತರ ಬೇಕೆಂದೇ ಇಟ್ಟದ್ದು.

ಇಲ್ಲಿ ಒಂದು ಸಂಶಯ ಏಳುತ್ತದೆ. ನಡುಹಗಲ ಬಿಸಿಲಿನ ಸಾಂದ್ರತೆ ಸುಮಾರು 100. ಅದರಲ್ಲಿ ಓಡಾಡುತ್ತೇವೆ. ಹಾಗಿದ್ದಾಗ 5ಕ್ಕೆ ಯಾಕಿಷ್ಟು ಗಲಾಟೆ? ಬಿಸಿಲು ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ನರಗಳೂ, ಬೆವರೂ, ರಕ್ತವೂ ಇರುವ ಜಾಗ ಅದು. ಮೈಕ್ರೋವೇವ್ ಆ ಕಾವಲನ್ನು ದಾಟಿ ಒಳಗೆ ಬಿಸಿ ಮಾಡುತ್ತದೆ. ಮನುಷ್ಯರ ಬೆನ್ನಿನ ಮೇಲೆ ಮಾಡಿದ ಪ್ರಯೋಗದಲ್ಲಿ, 10 ಸೆಕೆಂಡ್ 2.45 ಗಿಗಾಹರ್ಟ್ಸ್ ಬಿಟ್ಟಾಗ 'ಬೆಚ್ಚಗಿದೆ' ಅಂತ ಗೊತ್ತಾಗಲು ಸಾಂದ್ರತೆ ಸುಮಾರು 60 ಬೇಕಾಯಿತು. 94 ಗಿಗಾಹರ್ಟ್ಸ್‌ನಲ್ಲಿ 4.5 ಸಾಕಾಯಿತು. ಅಂದರೆ ಓವನ್ ಆವರ್ತನದಲ್ಲಿ ಮೈಗೆ ಬಿಸಿ ತಟ್ಟುವ ಹೊತ್ತಿಗೆ ಮಿತಿಯ 12 ಪಟ್ಟು ದಾಟಿ ಆಗಿರುತ್ತದೆ. "ಬಿಸಿ ಅನ್ನಿಸಿದರೆ ಸರಿಯೋಣ" ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ.

## ಒಂದೇ ಒಂದು ವ್ಯಾಟ್‌ನ ಲೆಕ್ಕ

ಈಗ ಆ ವೇವ್‌ಗೈಡ್ ಬಾಯಿಗೆ ಬರೋಣ. ವೇವ್‌ಗೈಡ್ ಅಂದರೆ ಅಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಟೊಳ್ಳು ಲೋಹದ ಕೊಳವೆ. ಬೆಂಚುಗಳಲ್ಲಿ ಜಾಸ್ತಿ ಕಾಣುವುದು ಎಕ್ಸ್-ಬ್ಯಾಂಡಿನ ಡಬ್ಲ್ಯುಆರ್-90. 8ರಿಂದ 12 ಗಿಗಾಹರ್ಟ್ಸ್‌ಗೆ ಅದು. ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ 10.16 ಮಿಲಿಮೀಟರ್. ಗುಣಿಸಿದರೆ ಸುಮಾರು 2.3 ಚದರ ಸೆಂಟಿಮೀಟರ್. ಕಣ್ಣಿನ ಎರಡು ರೆಪ್ಪೆಗಳ ನಡುವಿನ ಜಾಗವೂ ಹೆಚ್ಚುಕಡಿಮೆ ಇಷ್ಟೇ.

ಇದರೊಳಗೆ 1 ವ್ಯಾಟ್ ಹರಿಯುತ್ತಿದೆ ಅಂದುಕೊಳ್ಳಿ. ಒಂದು ಸಣ್ಣ ಎಲ್‌ಇಡಿಯ ಪವರ್, ಯಾರಿಗೂ ಹೆದರಿಕೆ ಹುಟ್ಟಿಸುವ ಸಂಖ್ಯೆ ಅಲ್ಲ. 1000 ಮಿಲಿವ್ಯಾಟನ್ನು 2.3ರಿಂದ ಭಾಗಿಸಿ. ಕೊಳವೆಯ ಬಾಯಲ್ಲಿ ಸರಾಸರಿ ಸಾಂದ್ರತೆ 430. ಅಲೆ ಕೊಳವೆಯ ನಡುವೆ ಜಾಸ್ತಿ, ಪಕ್ಕಗಳಲ್ಲಿ ಕಡಿಮೆ ಇರುವುದರಿಂದ ಮಧ್ಯದಲ್ಲಿ ಇದರ ಎರಡರಷ್ಟು. ನಿಯಮದಲ್ಲಿ ಹೇಳಿದಂತೆ 4 ಚದರ ಸೆಂಟಿಮೀಟರಿಗೆ ಹಂಚಿ ಲೆಕ್ಕ ಹಾಕಿದರೂ 250. ಮಿತಿ 18. ಹದಿಮೂರು, ಹದಿನಾಲ್ಕು ಪಟ್ಟು.

ವಿದ್ಯಾರ್ಥಿಗಳ ಬೆಂಚಿನಲ್ಲಿ ಮೈಕ್ರೋವೇವ್ ಹುಟ್ಟಿಸುವ ಕ್ಲೈಸ್ಟ್ರಾನ್ ಟ್ಯೂಬ್ ಅಥವಾ ಗನ್ ಡಯೋಡ್ ಕೊಡುವುದು ಹತ್ತಾರು ಮಿಲಿವ್ಯಾಟ್ ಅಷ್ಟೇ. 25 ಮಿಲಿವ್ಯಾಟ್ ಅಂದರೆ ಅದೇ ಲೆಕ್ಕದಲ್ಲಿ ಸುಮಾರು 6. ಸಾರ್ವಜನಿಕರ ಮಿತಿಗಿಂತ ಮೇಲೆ, ಕೆಲಸಗಾರರ ಮಿತಿಗಿಂತ ಕೆಳಗೆ. ಒಂದು ಕ್ಷಣ ನೋಡಿಬಿಟ್ಟರೆ ಕಣ್ಣು ಹೋಗುವುದಿಲ್ಲ. ಆದರೂ ಆ ನಿಯಮ ಅಲ್ಲೇ ಕಲಿಸುವುದು ಸರಿ ಅಂತ ನನಗೆ ಅನ್ನಿಸುತ್ತದೆ, ಯಾಕೆಂದರೆ ಬೆಂಚಿನ ಕೊಳವೆಯೂ ದೊಡ್ಡ ಲ್ಯಾಬಿನ ಕೊಳವೆಯೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಒಳಗೆ ಏನು ಹರಿಯುತ್ತಿದೆ ಅಂತ ಹೊರಗೆ ಬರೆದಿರುವುದಿಲ್ಲ.

ದೂರ ಹೋದಂತೆ ಸಂಖ್ಯೆಗಳು ಬೇಗ ಇಳಿಯುತ್ತವೆ. 10 ವ್ಯಾಟ್ ಪವರನ್ನು 100 ಪಟ್ಟು ಗೇನ್ ಇರುವ, ಅಂದರೆ ಅಲೆಯನ್ನು ಒಂದೇ ದಿಕ್ಕಿಗೆ ಅಷ್ಟು ಪಟ್ಟು ಒಟ್ಟುಗೂಡಿಸಿ ಕಳಿಸುವ, ಕಹಳೆಯಾಕಾರದ ಹಾರ್ನ್ ಆಂಟೆನಾಕ್ಕೆ ಕೊಟ್ಟರೆ, ನೇರ ಎದುರಿಗೆ 1 ಮೀಟರ್ ದೂರದಲ್ಲಿ ಸಾಂದ್ರತೆ ಸುಮಾರು 8. 2 ಮೀಟರಿಗೆ 2. 3 ಮೀಟರಿಗೆ 1ಕ್ಕಿಂತ ಕಡಿಮೆ. ದೂರ ಎರಡರಷ್ಟಾದರೆ ಸಾಂದ್ರತೆ ನಾಲ್ಕನೇ ಒಂದು ಭಾಗ. ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ದುಡ್ಡೂ ಬೇಡ, ಉಪಕರಣವೂ ಬೇಡ.

ಅಲೆಯನ್ನು ಬಿಟ್ಟು ಬಿಟ್ಟು ಚಿಕ್ಕ ಚಿಕ್ಕ ಹೊಡೆತಗಳಲ್ಲಿ ಕಳಿಸುವ, ರೇಡಾರ್ ಥರದ ಪಲ್ಸ್ ಮೂಲಗಳಲ್ಲಿ ಎರಡು ಸಂಖ್ಯೆ ಕೇಳಿಬರುತ್ತವೆ. ಪಲ್ಸ್ ಇರುವ ಕ್ಷಣದಲ್ಲಿ 100 ಕಿಲೋವ್ಯಾಟ್, ಆದರೆ ಪಲ್ಸ್ ಇರುವುದು ಸಾವಿರದಲ್ಲಿ ಒಂದು ಪಾಲು ಹೊತ್ತು ಮಾತ್ರ ಅಂದರೆ ಸರಾಸರಿ 100 ವ್ಯಾಟ್. ಮಿತಿಗೆ ಹೋಲಿಸಬೇಕಾದದ್ದು ಮುಖ್ಯವಾಗಿ ಸರಾಸರಿಯನ್ನು. ಅಂದ ಹಾಗೆ, ಬಲವಾದ ಪಲ್ಸ್ ತಲೆಗೆ ಬಿದ್ದರೆ ಕೆಲವರಿಗೆ ಟಿಕ್ ಟಿಕ್ ಅಂತಲೋ ಗುಂಯ್ ಅಂತಲೋ ಸದ್ದು ಕೇಳಿಸುತ್ತದೆ. ಅಲನ್ ಫ್ರೇ ಎಂಬವರು 1960ರ ದಶಕದ ಆರಂಭದಲ್ಲೇ ಇದನ್ನು ವಿವರವಾಗಿ ದಾಖಲಿಸಿದರು. ತಲೆಯೊಳಗಿನ ಅಂಗಾಂಶ ಚೂರೇ ಚೂರು ಹಿಗ್ಗಿ ಹುಟ್ಟುವ ಸದ್ದು ಅದು. ಹಾಗೆ ಕೇಳಿಸಿತು ಅಂದರೆ ನೀವು ನಿಲ್ಲಬಾರದ ಜಾಗದಲ್ಲಿ ನಿಂತಿದ್ದೀರಿ.

## ಸೋರಿಕೆ ಎಲ್ಲಿಂದ?

ಯಾರೂ ಬೇಕೆಂದೇ ಕಿಲೋವ್ಯಾಟ್ ಮೂಲದ ಮುಂದೆ ಮುಖ ಇಡುವುದಿಲ್ಲ. ತೊಂದರೆ ಬರುವುದು ಎಲ್ಲ ಮುಚ್ಚಿದೆ ಅಂದುಕೊಂಡಾಗ.

ಎರಡು ವೇವ್‌ಗೈಡ್ ತುಂಡುಗಳನ್ನು ಜೋಡಿಸುವುದು ಫ್ಲಾಂಜ್. ಎಕ್ಸ್-ಬ್ಯಾಂಡ್ ಫ್ಲಾಂಜಿಗೆ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ದಿನಕ್ಕೆ ಹತ್ತು ಸಲ ಬಿಚ್ಚಿ ಜೋಡಿಸುವ ಕಡೆ ಏನಾಗುತ್ತದೆ ಅಂತ ಲ್ಯಾಬಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು: ಎದುರುಬದುರು ಎರಡು ಸ್ಕ್ರೂ ಹಾಕಿ, ಬೆರಳಲ್ಲೇ ಬಿಗಿ ಮಾಡಿ, "ಸಾಕು ಬಿಡು" ಅನ್ನುತ್ತಾರೆ. ಫ್ಲಾಂಜುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಇಷ್ಟು ತೆಳು ಸಂದಿಯಲ್ಲಿ ಮೂರು ಸೆಂಟಿಮೀಟರ್ ಅಲೆ ಹೇಗೆ ಬಂದೀತು ಅನ್ನಿಸುತ್ತದೆ ಅಲ್ವಾ? ಇಲ್ಲೇ ನಮ್ಮ ಅಂದಾಜು ಕೈಕೊಡುವುದು. ಸಂದಿಯ ದಪ್ಪಕ್ಕಿಂತ ಅದರ ಉದ್ದ ಮುಖ್ಯ. ಉದ್ದ ಅಲೆಯ ಅರ್ಧದಷ್ಟಿದ್ದರೆ, ಅಂದರೆ ಇಲ್ಲಿ ಒಂದೂವರೆ ಸೆಂಟಿಮೀಟರ್ ಇದ್ದರೆ, ಆ ಸಂದು ಒಳ್ಳೆಯ ಆಂಟೆನಾ ಆಗಿಬಿಡುತ್ತದೆ. ಆಂಟೆನಾ ತಯಾರಿಸುವವರು ಬೇಕೆಂದೇ ಇಂಥ ಸೀಳುಗಳನ್ನು ಕೊರೆಯುತ್ತಾರೆ.

ಓವನ್ ಬಾಗಿಲಿನ ಜಾಲರಿ ಇದರ ಇನ್ನೊಂದು ಮುಖ. ತೂತುಗಳು ನೂರಾರು ಇದ್ದರೂ ಒಂದೊಂದೂ ಅಲೆಯ ಉದ್ದಕ್ಕಿಂತ ತೀರಾ ಚಿಕ್ಕದು. ಬೆಳಕು ಹೊರಗೆ ಬರುತ್ತದೆ, ಮೈಕ್ರೋವೇವ್ ಬರುವುದಿಲ್ಲ. ಪ್ಲಾಸ್ಮಾ ಛೇಂಬರಿನ ಒಳಗೆ ನೋಡುವ ಕಿಟಕಿಗೂ ಇಂಥ ಜಾಲರಿ ಇರಲೇಬೇಕು. ಫೋಟೋ ಚೆನ್ನಾಗಿ ಬರಲಿ ಅಂತ ಅದನ್ನು ಬಿಚ್ಚಿಟ್ಟು, ಬರೀ ಗಾಜಿನ ಕಿಟಕಿಗೆ ಕಣ್ಣಿಟ್ಟರೆ ವೇವ್‌ಗೈಡ್ ಬಾಯಿಗೆ ಕಣ್ಣಿಟ್ಟ ಹಾಗೆಯೇ.

ಸವೆದ ಗ್ಯಾಸ್ಕೆಟ್, ಸಡಿಲವಾದ ಕೇಬಲ್ ಕನೆಕ್ಟರ್, ಲೋಡ್ (ಅಲೆ ಹೀರುವ ಮುಚ್ಚಳ) ಹಾಕದೆ ಖಾಲಿ ಬಿಟ್ಟ ಪೋರ್ಟ್, ಬಾಗಿಲು ತೆರೆದರೂ ನಡೆಯಲಿ ಅಂತ ಟೇಪ್ ಸುತ್ತಿಟ್ಟ ಇಂಟರ್‌ಲಾಕ್ ಸ್ವಿಚ್, ಇವು ಉಳಿದ ದಾರಿಗಳು. ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದನ್ನು ಸುತ್ತಿದವರು ಮನೆಗೆ ಹೋಗಿರುತ್ತಾರೆ, ಮರುದಿನ ಬಾಗಿಲು ತೆರೆಯುವವರು ಬೇರೆ.

## ಕಣ್ಣು ಕಾಯುವ ಕೆಲಸ ಮೂಲದಲ್ಲೇ ಶುರು

ಮೊದಲನೆಯದು ಆಫ್ ಮಾಡುವುದು. ಬಿಚ್ಚುವ, ಜೋಡಿಸುವ, ಬಗ್ಗಿ ನೋಡುವ ಯಾವ ಕೆಲಸವೂ ಪವರ್ ಇರುವಾಗ ಬೇಡ. ದೊಡ್ಡ ಮೂಲಗಳಲ್ಲಿ ಸ್ವಿಚ್ಚಿಗೆ ಬೀಗ ಹಾಕಿ, ಕೆಲಸ ಮಾಡುವವರೇ ಕೀಲಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಹೊರಗಿದ್ದವರು ಗೊತ್ತಿಲ್ಲದೆ ಆನ್ ಮಾಡುವ ಮಾತೇ ಬರುವುದಿಲ್ಲ.

ಆನ್ ಇರಲೇಬೇಕು ಅಂದರೆ ಅಲೆ ಹೊರಗೆ ಬರದ ಹಾಗೆ ನೋಡಿಕೊಳ್ಳಬೇಕು. ಟೆಸ್ಟ್ ಮಾಡುವಾಗ ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿದರೆ ಪವರೆಲ್ಲ ಅದರೊಳಗೇ ಶಾಖವಾಗಿ ಮುಗಿಯುತ್ತದೆ. ಆಂಟೆನಾ ಬೇಕೇ ಬೇಕು ಅಂದರೆ ಅಲೆ ಹೀರುವ ಗೋಡೆಗಳಿರುವ ಛೇಂಬರಿನಲ್ಲಿಟ್ಟು, ಒಳಗೆ ಏನಾಗುತ್ತಿದೆ ಅಂತ ಕ್ಯಾಮೆರಾದಲ್ಲಿ ನೋಡಬಹುದು. ಪವರ್ ಕಡಿಮೆ ಮಾಡಿ ಅಲೈನ್‌ಮೆಂಟ್ ಮುಗಿಸಿ ಆಮೇಲೆ ಏರಿಸುವುದು ಇನ್ನೊಂದು ಒಳ್ಳೆಯ ರೂಢಿ. ಹಾರ್ನ್ ಇರುವ ಎತ್ತರವನ್ನೂ ನೋಡಿ. ಟೇಬಲ್ ಮೇಲಿನ ಹಾರ್ನ್ ಕುರ್ಚಿಯಲ್ಲಿ ಕೂತವರ ಮುಖದ ಮಟ್ಟಕ್ಕೆ ಸರಿಯಾಗಿ ಬರುತ್ತದೆ.

ಆಮೇಲೆ ಅಳೆಯುವುದು. ಸೋರಿಕೆ ಅಳೆಯುವ ಸರ್ವೆ ಮೀಟರನ್ನು ದೂರದಿಂದ ನಿಧಾನವಾಗಿ ಹತ್ತಿರ ತರಬೇಕು, ಇಲ್ಲದಿದ್ದರೆ ಸೆನ್ಸರ್ ಸುಟ್ಟುಹೋಗಬಹುದು. ಮುಖ ಮೀಟರಿನ ಹಿಂದೆ ಇರಲಿ. ಮೀಟರ್ ನಿಮ್ಮ ಆವರ್ತನಕ್ಕೆ ಸರಿಹೊಂದಬೇಕು, ಕ್ಯಾಲಿಬ್ರೇಷನ್ ಆಗಿರಬೇಕು. ಡಯೋಡ್ ಸೆನ್ಸರ್ ಇರುವವು ಪಲ್ಸ್ ಅಲೆಗಳಿಗೆ ತಪ್ಪು ತೋರಿಸಬಹುದು, ಅಲ್ಲಿ ಶಾಖದ ಮೂಲಕ ಅಳೆಯುವ ಥರ್ಮೋಕಪಲ್ ಸೆನ್ಸರ್ ವಾಸಿ. ಅಳತೆಗೊಂದು ಹೋಲಿಕೆ ಬೇಕಾದರೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮನೆಯ ಓವನ್‌ಗಳಿಗೆ ಹಾಕಿರುವ ನಿಯಮ ಇದೆ: ಓವನ್ ಬಾಳುವಷ್ಟು ಕಾಲವೂ ಹೊರಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ 5 ದಾಟಬಾರದು.

## ಹಾಗಾದರೆ ಗಾಗಲ್ಸ್?

ಮೊದಲು ಯಾವುದು ಕೆಲಸಕ್ಕೆ ಬರುವುದಿಲ್ಲ ಅಂತ ನೋಡೋಣ. ಸಾಮಾನ್ಯ ಗಾಜು, ಪ್ಲಾಸ್ಟಿಕ್, ಪಾಲಿಕಾರ್ಬೊನೇಟ್ ಇವುಗಳ ಮೂಲಕ ಮೈಕ್ರೋವೇವ್ ಸಲೀಸಾಗಿ ದಾಟುತ್ತದೆ. ಓವನ್ ಒಳಗಿನ ಗಾಜಿನ ತಟ್ಟೆ ಅದಕ್ಕೇ ತಾನೇ ಬಿಸಿಯಾಗುವುದಿಲ್ಲ. ಹಾಗಾಗಿ ತಂಪು ಕನ್ನಡಕ, ಕೆಮಿಸ್ಟ್ರಿ ಲ್ಯಾಬಿನ ಸೇಫ್ಟಿ ಗ್ಲಾಸ್, ಲೇಸರ್ ಗಾಗಲ್ಸ್, ವೆಲ್ಡಿಂಗ್ ಕನ್ನಡಕ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಕಪ್ಪಗಿದೆ ಅಂತ ಧೈರ್ಯ ಬರುತ್ತದೆ, ಅಷ್ಟೇ.

ಮೈಕ್ರೋವೇವ್ ತಡೆಯಬೇಕಾದರೆ ವಿದ್ಯುತ್ ಹರಿಯುವ ಪದರ ಬೇಕು. ಸಣ್ಣ ಲೋಹದ ಜಾಲರಿ ಇರುವ, ಇಲ್ಲವೇ ಗಾಜಿನ ಮೇಲೆ ತೆಳುವಾಗಿ ಲೋಹ ಲೇಪಿಸಿದ ಕನ್ನಡಕಗಳು ಇವೆ. ಒಳ್ಳೆಯ ಲೇಪ 20 ಡೆಸಿಬಲ್ ತಡೆಯುತ್ತದೆ ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಒಳಗೆ ಬಿಡುತ್ತದೆ ಅಂತ ಅರ್ಥ. ಕಾಗದದ ಮೇಲೆ ಚೆನ್ನಾಗಿದೆ.

ಆದರೆ ಕನ್ನಡಕದ ಅಂಚಿಗೂ ಕೆನ್ನೆಗೂ ನಡುವೆ ಸಂದು ಇರುತ್ತದೆ. ಮೂಗಿನ ಪಕ್ಕ, ಹುಬ್ಬಿನ ಕೆಳಗೆ. ಫ್ಲಾಂಜಿನ ಸಂದಿಯ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಲೇಸರ್ ಬೆಳಕು ನೇರ ಗೆರೆಯಲ್ಲಿ ಬರುತ್ತದೆ, ಎದುರಿಗೆ ತಡೆ ಇಟ್ಟರೆ ಮುಗಿಯಿತು. ಕೆಲವು ಸೆಂಟಿಮೀಟರ್ ಉದ್ದದ ಅಲೆ ಅಂಚಿನ ಸುತ್ತ ಬಾಗಿ ಒಳಗೆ ಬರುತ್ತದೆ. ಇನ್ನೊಂದು ತಲೆನೋವೂ ಇದೆ. ಕಣ್ಣಿನ ಸುತ್ತ ಇರುವ ಲೋಹದ ಚೌಕಟ್ಟು ಕೆಲವು ಆವರ್ತನಗಳಲ್ಲಿ ತಾನೇ ಆಂಟೆನಾ ಥರ ವರ್ತಿಸಿ, ಕಣ್ಣು ಹೀರಿಕೊಳ್ಳುವ ಶಕ್ತಿಯನ್ನು ಕಡಿಮೆ ಮಾಡುವ ಬದಲು ಜಾಸ್ತಿ ಮಾಡಬಹುದು ಅಂತ ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಆವರ್ತನ, ಚೌಕಟ್ಟಿನ ಅಳತೆ, ಅಲೆ ಬರುವ ದಿಕ್ಕು ಎಲ್ಲದರ ಮೇಲೆ ಅದು ಹೋಗುತ್ತದೆ. ಪೆಟ್ಟಿಗೆಯ ಮೇಲಿನ ಡೆಸಿಬಲ್ ನೋಡಿ ಇದನ್ನು ಊಹಿಸಲು ಆಗುವುದಿಲ್ಲ.

ಮೇಲಾಗಿ, ಕನ್ನಡಕ ಬೇಕಾಗುವಷ್ಟು ಅಲೆ ಮುಖದ ಮುಂದೆ ಇದೆ ಅಂದರೆ ಉಳಿದ ಮೈಗೂ ಅದು ಬೀಳುತ್ತಿದೆ. ಮಿತಿ ದಾಟಿದ ಕಡೆ ಬೇಕಾದದ್ದು ಕನ್ನಡಕಕ್ಕಿಂತ ಆಚೆ ಹೋಗುವ ದಾರಿ. ಅಲೆಯ ಉದ್ದ ಚೌಕಟ್ಟಿಗಿಂತ ಬಹಳ ಚಿಕ್ಕದಾದ ಮಿಲಿಮೀಟರ್ ಅಲೆಗಳಿಗೆ ಗಾಗಲ್ಸ್ ಹೆಚ್ಚು ನಂಬಬಹುದು. ಅಲ್ಲೂ ಅದು ಉಳಿದೆಲ್ಲ ಮಾಡಿದ ಮೇಲಿನ ಹೆಚ್ಚುವರಿ ಕಾವಲು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡವರು ಕೇಳುವ ಒಂದು ಕಥೆ ದಶಕಗಳಿಂದ ಸುತ್ತುತ್ತಿದೆ. ವೆಲ್ಡಿಂಗ್ ಕಿಡಿಯಿಂದ ಬಂದ ಮೈಕ್ರೋವೇವ್ ಕಣ್ಣೀರಿನ ಪದರ ಒಣಗಿಸಿ, ಲೆನ್ಸ್ ಕಾರ್ನಿಯಾಕ್ಕೆ ಅಂಟಿಕೊಂಡು ಕಿತ್ತುಬಂತು ಅಂತ. ಅದು ಸುಳ್ಳು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗಾಗಲ್ಸ್‌ಗೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಹತ್ತಾರು ಕಿಲೋವೋಲ್ಟ್‌ನಲ್ಲಿ ನಡೆಯುವ ಕ್ಲೈಸ್ಟ್ರಾನ್‌ನಂಥ ಟ್ಯೂಬುಗಳಿಂದ ನಿಜವಾದ ಎಕ್ಸ್-ರೇ ಹೊರಡುತ್ತದೆ. ಅದಕ್ಕೆ ಸೀಸದ ಕವಚ ಇರುತ್ತದೆ. ಅದನ್ನು ಬಿಚ್ಚಿಟ್ಟು ನಡೆಸಿದರೆ ಕಣ್ಣಿನ ಮಸೂರಕ್ಕೆ ಅಪಾಯ ಎರಡು ಕಡೆಯಿಂದ.

## ಕಣ್ಣಿಗೆ ಅಲೆ ಬಿದ್ದಿದೆ ಅನ್ನಿಸಿದರೆ

ಮೂಲ ಆಫ್ ಮಾಡಿ, ಇಲ್ಲವೇ ಪಕ್ಕಕ್ಕೆ ಸರಿಯಿರಿ. ಕಣ್ಣು ತೊಳೆಯುವುದರಿಂದ ಏನೂ ಉಪಯೋಗ ಇಲ್ಲ, ಅಲ್ಲಿ ತೊಳೆಯುವಂಥದ್ದು ಏನೂ ಉಳಿದಿರುವುದಿಲ್ಲ. ಉರಿ, ಕೆಂಪು, ನೀರು ಬರುವುದು, ಬೆಳಕು ನೋಡಲು ಆಗದಿರುವುದು ಇದ್ದರೆ ಕಾರ್ನಿಯಾಕ್ಕೆ ಪೆಟ್ಟಾಗಿರಬಹುದು, ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಏನೂ ಅನ್ನಿಸದಿದ್ದರೂ ಬಿದ್ದ ಪ್ರಮಾಣ ಮಿತಿ ದಾಟಿದೆ ಅಂತ ಗೊತ್ತಾದರೆ ಪರೀಕ್ಷೆ ಮಾಡಿಸಬೇಕು. ಸ್ಲಿಟ್ ಲ್ಯಾಂಪ್ ಅನ್ನುವ ಸೂಕ್ಷ್ಮದರ್ಶಕದಿಂದ ವೈದ್ಯರು ಮಸೂರವನ್ನು ಪದರ ಪದರವಾಗಿ ನೋಡುತ್ತಾರೆ. ಪೊರೆ ತಡವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಒಂದು ಸಲ ನೋಡಿ ಬಿಡುವುದು ಸಾಲದು, ಕೆಲವು ವಾರಗಳ ನಂತರ ಮತ್ತೊಮ್ಮೆ ನೋಡಬೇಕಾಗುತ್ತದೆ.

ಇಲ್ಲೊಂದು ತೊಡಕಿದೆ. ಮಸೂರದಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಮೈಕ್ರೋವೇವ್ ಮುಖವನ್ನೇ ನೋಡದ ಎಷ್ಟೋ ಜನರಲ್ಲಿ ಇರುತ್ತವೆ. ವಯಸ್ಸು, ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಔಷಧಿ ಇವೆಲ್ಲ ಪೊರೆ ತರುತ್ತವೆ. ಸ್ಟೆರಾಯ್ಡ್ ಪೊರೆಯಂತೂ ಮಸೂರದ ಹಿಂಭಾಗದಲ್ಲೇ ಬರುತ್ತದೆ. ಹಾಗಾಗಿ ಚುಕ್ಕೆ ನೋಡಿ ಇದು ಮೈಕ್ರೋವೇವ್‌ನದ್ದೇ ಅಂತ ಯಾವ ವೈದ್ಯರೂ ಹೇಳಲಾರರು. ದೊಡ್ಡ ಪವರಿನ ಲ್ಯಾಬಿಗೆ ಸೇರುವಾಗಲೇ ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡಿದ್ದರೆ ಹೋಲಿಸಿ ನೋಡಲು ಏನಾದರೂ ಇರುತ್ತದೆ.

ವೈದ್ಯರಿಗೆ ಮತ್ತು ಲ್ಯಾಬಿನ ಸುರಕ್ಷತಾ ಅಧಿಕಾರಿಗೆ ಕೊಡಲು ಕೆಲವು ವಿವರಗಳನ್ನು ಅವತ್ತೇ ಬರೆದಿಡಿ: ಆವರ್ತನ, ಮೂಲದ ಪವರ್, ಪಲ್ಸ್ ಇತ್ತೋ ನಿರಂತರವೋ, ಸೋರಿದ್ದು ಎಲ್ಲಿಂದ, ಮುಖ ಎಷ್ಟು ದೂರದಲ್ಲಿತ್ತು, ಎಷ್ಟು ಹೊತ್ತು. ಆಮೇಲೆ ಅದೇ ಜೋಡಣೆಯನ್ನು ಕಡಿಮೆ ಪವರಿನಲ್ಲಿ ಮತ್ತೆ ನಡೆಸಿ, ಮುಖ ಇದ್ದ ಜಾಗದಲ್ಲಿ ಮೀಟರ್ ಇಟ್ಟು ಅಳೆದು, ನಿಜವಾಗಿ ಎಷ್ಟು ಬಿದ್ದಿರಬಹುದು ಅಂತ ಲೆಕ್ಕ ಹಾಕುತ್ತಾರೆ. ಸ್ಕ್ರೂ ಬಿಗಿ ಮಾಡುವ ಮೊದಲೇ ಈ ಅಳತೆ ಆಗಬೇಕು. ಗಾಬರಿಯಲ್ಲಿ ಎಲ್ಲ ಸರಿ ಮಾಡಿಟ್ಟುಬಿಟ್ಟರೆ ಎಷ್ಟು ಸೋರಿತ್ತು ಅಂತ ತಿಳಿಯಲು ಬೇರೆ ದಾರಿ ಇರುವುದಿಲ್ಲ.